ಕೆಳಗಿನಣ್ಣನ ಪೇಸ್ಟ್ ಪಾಠ

ಮೊನ್ನೆ ರಕ್ತ ಪರೀಕ್ಷೆಗೆಂದು ಆಸ್ಪತ್ರೆಗೆ ಹೋಗಿದ್ದೆ. ನರ್ಸ್ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ನನ್ನ ತೋಳಿಗೆ ಒರೆಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಣ್ಣು ತುಂಬಿಕೊಂಡಿತು. "ಸೂಜಿ ಇನ್ನೂ ಚುಚ್ಚೇ ಇಲ್ಲ ಅಕ್ಕ, ಈಗ್ಲೇ ಎಂತಕ್ಕೆ ಅಳ್ತೀರಿ?" ಎಂದು ಅವಳು ನಕ್ಕಳು. ನಾನೂ ನಕ್ಕೆ. ಸ್ಪಿರಿಟ್ ವಾಸನೆಗೆ ಎಲ್ಲರಿಗೂ ಇಂಜೆಕ್ಷನ್ ನೆನಪಾಗುತ್ತದೆ, ನನಗೆ ಗ್ರಾಫಿಕ್ಸ್ ಕಾರ್ಡ್ ನೆನಪಾಗುತ್ತದೆ ಎಂದು ಆ ಹುಡುಗಿಗೆ ಹೇಳುವುದಾದರೂ ಹೇಗೆ...

ನಾನು ಮದುವೆ ವಿಡಿಯೋಗಳನ್ನು ಎಡಿಟ್ ಮಾಡುವವಳು. ಕೊಪ್ಪದ ಬಸ್ ಸ್ಟ್ಯಾಂಡ್ ಹತ್ತಿರದ ಹಳೇ ಕಟ್ಟಡವೊಂದರ ಮಹಡಿಯಲ್ಲಿ ನನ್ನದೊಂದು ಕೋಣೆ. ಶೃಂಗೇರಿ, ನರಸಿಂಹರಾಜಪುರದ ಫೋಟೋಗ್ರಾಫರುಗಳು ಕೂಡ ತಾವು ಶೂಟ್ ಮಾಡಿದ್ದನ್ನೆಲ್ಲ ತಂದು ನನ್ನ ಮುಂದೆ ಸುರಿದು ಹೋಗುತ್ತಾರೆ. ಧಾರೆಯ ಹೊತ್ತಿಗೆ ಅಡ್ಡ ಬಂದು ನಿಂತ ಸೋದರಮಾವನನ್ನು ಕತ್ತರಿಸುವುದು, ಹುಡುಗನ ತಾಯಿ ಮುಖ ಗಂಟಿಕ್ಕಿಕೊಂಡ ಕಡೆ ಹೂವಿನ ಅಲಂಕಾರ ತೋರಿಸುವುದು, ಇದೇ ನನ್ನ ಕಸುಬು. ಮೂರು ತಾಲ್ಲೂಕಿನ ಎಷ್ಟೋ ಸಂಸಾರಗಳ ಮರ್ಯಾದೆಯನ್ನು ನಾನು ಹೀಗೆ ಕಾಪಾಡಿದ್ದೇನೆ. ಆದರೆ ಅದು ಯಾರಿಗೂ ಗೊತ್ತಿಲ್ಲ.

ನನ್ನ ಕೋಣೆಯ ಕೆಳಗೇ ಕಂಪ್ಯೂಟರ್ ರಿಪೇರಿ ಅಂಗಡಿಯಿತ್ತು. ಅದರ ಯಜಮಾನರನ್ನು ನಾನು ಕೆಳಗಿನಣ್ಣ ಎನ್ನುತ್ತಿದ್ದೆ. ಅವರಿಗೆ ನಾನು ಮೇಲಿನವಳು. ಹಿರೇಕೊಡಿಗೆಯಿಂದ ದಿನಾ ಸ್ಕೂಟರಿನಲ್ಲಿ ಬರುತ್ತಿದ್ದರು. ಎತ್ತರದ ಆಳು. ತಮ್ಮದೇ ಶಟರಿಗೆ ವಾರಕ್ಕೊಂದು ಸಲವಾದರೂ ತಲೆ ಹೊಡೆಸಿಕೊಂಡು, ಶಟರಿಗೇ ಬೈಯುತ್ತಿದ್ದರು. ಇಸ್ತ್ರಿ ಮಾಡದ ಅಂಗಿಯಲ್ಲಿ ಅವರನ್ನು ನಾನು ನೋಡಿದ್ದಿಲ್ಲ. ಜಂಭಕ್ಕೇನೂ ಕಡಿಮೆಯಿರಲಿಲ್ಲ. "ಶಿವಮೊಗ್ಗದಿಂದ ಈಚೆಗೆ ನನ್ನಂಗೆ ಕಾರ್ಡ್ ಬಿಚ್ಚೋನು ಇನ್ನೊಬ್ಬ ಇದ್ರೆ ಕರ್ಕೊಂಡು ಬನ್ನಿ ಮಾರಾಯ್ರೆ" ಎಂದು ಗಿರಾಕಿಗಳಿಗೆ ಮುಖಕ್ಕೇ ಹೇಳುತ್ತಿದ್ದರು. ಕಂಪ್ಯೂಟರ್ ತಂದವರಿಗೆ ಮೊದಲು ಬೈಗುಳ, ಆಮೇಲೆ ರಿಪೇರಿ. ಅವರ ಕೈಲಿ ಬೈಸಿಕೊಂಡರೇ ಮೆಷಿನ್ ಬಾಳಿಕೆ ಬರುತ್ತದೆ ಎಂಬ ನಂಬಿಕೆ ಜನರಿಗೂ ಬಂದುಬಿಟ್ಟಿತ್ತು.

ನನಗೂ ಅವರಿಗೂ ಗುರುತು ಗಟ್ಟಿಯಾದದ್ದು ಒಂದು ಬಲ್ಬಿನಿಂದ.

ನಮ್ಮ ಕಡೆ ಮಳೆಗಾಲದ ಥಂಡಿಗೆ ಹಿಡಿಯುವ ಬೂಸಿನ ಕಾಟ ಹೇಳಿ ಪ್ರಯೋಜನವಿಲ್ಲ. ಚಪ್ಪಲಿಗೆ ಬೂಸು, ಬೆಲ್ಟಿಗೆ ಬೂಸು, ಮಾರ್ಕ್ಸ್ ಕಾರ್ಡಿಗೂ ಬೂಸು. ಅದಕ್ಕೇ ಕ್ಯಾಮೆರಾ ಇಟ್ಟುಕೊಂಡವರೆಲ್ಲ ಮರದ ಕಪಾಟಿನೊಳಗೆ ಒಂದು ಬಲ್ಬ್ ಉರಿಸಿ, ಲೆನ್ಸುಗಳನ್ನು ಅದರ ಬಿಸಿಯಲ್ಲಿ ಬೆಚ್ಚಗೆ ಇಡುತ್ತೇವೆ. ಹೊಸ ಕಂಪ್ಯೂಟರ್ ತಂದಾಗ ನನಗೆ ಅದರ ಮೇಲೆ ಅತಿ ಪ್ರೀತಿ. ಲೆನ್ಸಿಗೆ ಆಗುವ ಉಪಚಾರ ಇದಕ್ಕೇಕೆ ಆಗಬಾರದು ಎಂದು ಸಿಪಿಯು ಡಬ್ಬವನ್ನೂ ಅದೇ ಕಪಾಟಿನೊಳಗೆ ಇಟ್ಟು, ವಯರಿಗಷ್ಟು ಸಂದು ಬಿಟ್ಟು ಬಾಗಿಲು ಹಾಕಿದೆ. ಬಲ್ಬ್ ಹಗಲೂ ರಾತ್ರಿ ಉರಿಯುತ್ತಿತ್ತು. ಕಂಪ್ಯೂಟರಿಗೆ ಬೂಸು ಬರಲಿಲ್ಲ, ನಿಜ. ಆದರೆ ಮದುವೆ ಸೀಸನ್ನಿನ ನಡುವೆ ಅದರ ಫ್ಯಾನು ಅಕ್ಕಿ ಗಿರಣಿಯ ಹಾಗೆ ಕೂಗಲು ಶುರುಮಾಡಿತು. ಎಡಿಟ್ ಮುಗಿಸಿ ವಿಡಿಯೋ ಮಾಡಲು ಹಾಕಿದರೆ ಪರದೆ ಪೂರ್ತಿ ಕಪ್ಪಾಗಿ ಎಲ್ಲ ನಿಂತುಬಿಡುತ್ತಿತ್ತು.

ಕೆಳಗಿನಣ್ಣ ಮೆಟ್ಟಿಲು ಹತ್ತಿ ಬಂದರು. ಕಪಾಟಿನ ಬಾಗಿಲು ತೆಗೆದರು. ಬಲ್ಬನ್ನು ನೋಡಿದರು, ನನ್ನನ್ನು ನೋಡಿದರು.

"ಎಂತ ಮಾರಾಯ್ರೆ, ಕಂಪ್ಯೂಟರಿಗೆ ಬಾಣಂತನ ಮಾಡ್ತಾ ಇದ್ದೀರಾ?"

ಆ ಮಾತಿಗೆ ನಾನು ಒಂದು ವಾರ ನಕ್ಕಿದ್ದೇನೆ. ಆದರೆ ಆ ಹೊತ್ತಿಗೆ ಅಳುವುದೊಂದು ಬಾಕಿ. ಚಿತ್ರದ ಕೆಲಸಕ್ಕೆಂದೇ ಕಂಪ್ಯೂಟರಿನೊಳಗೆ ಒಂದು ಹಲಗೆ ಇರುತ್ತದೆ, ಅದೇ ಗ್ರಾಫಿಕ್ಸ್ ಕಾರ್ಡ್. ಅದರ ನಡುವಿನ ಚಿಪ್ಪು ಕೆಲಸ ಮಾಡುವಾಗ ವಿಪರೀತ ಬಿಸಿಯಾಗುತ್ತದೆ. ಆ ಬಿಸಿಯನ್ನು ಎಳೆದುಕೊಳ್ಳಲು ಮೇಲೊಂದು ಲೋಹದ ತುಂಡು, ಅದಕ್ಕೆ ಗಾಳಿ ಹೊಡೆಯಲು ಫ್ಯಾನು. ಚಿಪ್ಪಿಗೂ ಲೋಹಕ್ಕೂ ನಡುವೆ ಕಣ್ಣಿಗೆ ಕಾಣದ ಸಂದುಗಳಿರುತ್ತವೆ. ಬಿಸಿ ದಾಟಲೆಂದು ಆ ಸಂದುಗಳಿಗೆ ಬೂದು ಬಣ್ಣದ ಒಂದು ಪೇಸ್ಟ್ ಹಚ್ಚಿರುತ್ತಾರೆ. ನನ್ನ ಬಾಣಂತನದಲ್ಲಿ ಆ ಪೇಸ್ಟ್ ಒಣಗಿ ಸುಣ್ಣದ ಹಾಗೆ ಉದುರುತ್ತಿತ್ತು.

"ಇದು ನಿಮಗೆ ಶಿಕ್ಷೆ. ನೀವೇ ಬಿಚ್ಚಿ, ನೀವೇ ಹಚ್ಚಿ. ನಾನು ಕೂತು ನೋಡ್ತೀನಿ" ಎಂದರು ಕೆಳಗಿನಣ್ಣ. ಅವರ ಮೇಜಿನ ಮುಂದೆ ನನ್ನನ್ನು ಕೂರಿಸಿ, ತಾವು ಎರಡೂ ಕೈ ಕಟ್ಟಿ ಪಕ್ಕದಲ್ಲಿ ಕುಳಿತರು. ಆ ದಿನದಿಂದ ನೀವು ಹೋಗಿ ನೀನು ಆಯಿತು. ಮಾರಾಯ್ರೆ ಹೋಗಿ ಮಾರಾಯ್ತಿ ಆಯಿತು.

ಪಾಠ ಹೀಗಿತ್ತು. ಮೊದಲು ಕಂಪ್ಯೂಟರನ್ನು ಸ್ವಲ್ಪ ಹೊತ್ತು ಓಡಿಸಬೇಕು, ಒಣಗಿದ ಪೇಸ್ಟ್ ಮೆತ್ತಗಾಗಲಿ ಎಂದು. ಆಮೇಲೆ ಆಫ್ ಮಾಡಿ, ಗೋಡೆಯಿಂದ ಪ್ಲಗ್ಗನ್ನೇ ಕೀಳಬೇಕು. ಪ್ಲಗ್ ಕಿತ್ತ ಮೇಲೂ ಬಟನ್ ಒಂದು ಸಲ ಒತ್ತಬೇಕು, ಒಳಗೆ ಉಳಿದ ಕರೆಂಟು ಹೋಗಲಿ. ಕಾರ್ಡ್ ಮುಟ್ಟುವ ಮೊದಲು ಡಬ್ಬದ ಕಬ್ಬಿಣ ಮುಟ್ಟಬೇಕು, ನಮ್ಮ ಮೈಯಲ್ಲಿರುವ ಕರೆಂಟು ಅಲ್ಲಿಗೆ ಇಳಿಯಲಿ. ಕಾರ್ಡನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು. ಸ್ಕ್ರೂಗಳನ್ನು ಒಂದೇ ಕಡೆಯಿಂದ ಬಿಚ್ಚಿಕೊಂಡು ಹೋಗಬಾರದು, ಒಂದು ಮೂಲೆ ಸ್ವಲ್ಪ ಸಡಿಲಿಸಿದರೆ ಮುಂದೆ ಅದರ ಎದುರಿನ ಮೂಲೆ. ಲೋಹದ ತುಂಡನ್ನು ಕಿತ್ತು ಎಳೆಯಬಾರದು, ಮೆಲ್ಲಗೆ ಅತ್ತಿತ್ತ ತಿರುಗಿಸಿ ಬಿಡಿಸಬೇಕು. ಬಿಟ್ಟುಬಂದ ಕೂಡಲೇ ಮೇಲೆತ್ತಲೂ ಬಾರದು, ಅಡಿಯಲ್ಲಿ ಫ್ಯಾನಿನ ಎಳೆ ವಯರು ಇರುತ್ತದೆ, ಕಿತ್ತುಹೋಗುತ್ತದೆ.

ಹಳೇ ಪೇಸ್ಟ್ ತೆಗೆಯಲು ನಾನು ಬ್ಲೇಡಿಗೆ ಕೈ ಹಾಕಿದೆ. ಆಗ ಬಿತ್ತು ನೋಡಿ ಬೈಗುಳ. ಪೇಸ್ಟ್ ಕೆರೆಯಲು ಅದೇನು ತಳ ಹಿಡಿದ ಪಾತ್ರೆಯೇ ಎಂದು ಕೇಳಿದರು. ಕನ್ನಡಕ ಒರೆಸುವ ಬಟ್ಟೆಯಂಥದ್ದಕ್ಕೆ ಸ್ಪಿರಿಟ್ ಹಾಕಿ, ಚಿಪ್ಪು ಕನ್ನಡಿಯ ಹಾಗೆ ಹೊಳೆಯುವವರೆಗೆ ಒರೆಸಿಸಿದರು. ಅಂಗಡಿಯೆಲ್ಲ ಆ ವಾಸನೆ. ಅದು ಪೂರ್ತಿ ಆರುವ ತನಕ ಕೈ ಕಟ್ಟಿ ಕೂರಬೇಕಾಗಿತ್ತು. ಚಿಪ್ಪಿನ ಸುತ್ತ ಎಳ್ಳಿನ ಕಾಳಿನಷ್ಟು ಸಣ್ಣ ಸಣ್ಣ ಭಾಗಗಳಿದ್ದವು, ಅವುಗಳಲ್ಲಿ ಒಂದು ಹಾರಿದರೂ ಕಾರ್ಡ್ ಸತ್ತ ಹಾಗೆ. ಪಕ್ಕದ ಚಿಪ್ಪುಗಳ ಮೇಲೆ ಮೆತ್ತನೆಯ ಪಟ್ಟಿಗಳಿದ್ದವು, ಅವುಗಳನ್ನು ತೆಗೆದು ಅಲ್ಲಿಗೂ ಪೇಸ್ಟ್ ಮೆತ್ತುವಂತಿಲ್ಲ. ಹರಿದಿದ್ದರೆ ಅಷ್ಟೇ ದಪ್ಪದ ಹೊಸ ಪಟ್ಟಿಯೇ ಬೇಕು. ಪೇಸ್ಟ್ ಮಾತ್ರ ನಡುವಿನ ಚಿಪ್ಪಿಗೆ, ಅದರ ಮೈ ಪೂರ್ತಿ ಮುಚ್ಚುವಷ್ಟು, ತೆಳ್ಳಗೆ. "ದೋಸೆಗೆ ಬೆಣ್ಣೆ ಹಾಕೋ ಹಾಗೆ ಸುರೀಬೇಡ" ಎಂದರು. ಕೊನೆಗೆ ಮತ್ತೆ ಸ್ಕ್ರೂ. ಎದುರುಬದುರು ಮೂಲೆ, ಸ್ವಲ್ಪ ಸ್ವಲ್ಪ. ಒಂದನ್ನೇ ಬಿಗಿದುಬಿಟ್ಟರೆ ಲೋಹ ಓರೆಯಾಗಿ ಒತ್ತಿ ಚಿಪ್ಪಿನ ಮೂಲೆ ಚಕ್ಕೆ ಏಳುತ್ತದೆ.

ಕಂಪ್ಯೂಟರ್ ಸದ್ದಿಲ್ಲದೆ ಓಡಿತು. ನಾನು ಬಲ್ಬನ್ನು ಲೆನ್ಸುಗಳಿಗೆ ಬಿಟ್ಟುಕೊಟ್ಟೆ. ಶಿಕ್ಷೆ ಮುಗಿಯಿತು ಎಂದುಕೊಂಡೆ.

ಮುಗಿಯಲಿಲ್ಲ. ಸ್ವಲ್ಪ ದಿನಕ್ಕೆ ಕೆಳಗಿನಿಂದ ಕೋಲಿನಲ್ಲಿ ಕುಟ್ಟುವ ಸದ್ದು. ನನ್ನ ನೆಲ ಮರದ ಹಲಗೆಯದು, ಅದೇ ಅವರಿಗೆ ಚಾವಣಿ. ಇಳಿದು ಹೋದರೆ ಮೇಜಿನ ಮೇಲೆ ಯಾರದೋ ಕಾರ್ಡ್. "ಬಾ, ಇನ್ನೊಂದು ಪಾಠ ಮಾಡ್ತೀನಿ. ಒಂದು ಸಲ ಹಚ್ಚಿದ್ದಕ್ಕೆಲ್ಲ ಬರೋ ವಿದ್ಯೆ ಅಲ್ಲ ಇದು" ಎಂದರು. ಕಲಿತದ್ದು ಎಲ್ಲಿಗೂ ಹೋಗುವುದಿಲ್ಲ ಎಂದು ನಾನೂ ಕೂತೆ. ಮತ್ತೊಂದು ಸಲ ಕರೆದಾಗ, "ಕನ್ನಡಕ ಮನೇಲಿ ಬಿಟ್ಟು ಬಂದೆ ಮಾರಾಯ್ತಿ, ನೀನೇ ಮಾಡು" ಎಂದರು. ಕನ್ನಡಕ ಅವರ ಅಂಗಿಯ ಜೇಬಿನಲ್ಲೇ ಇತ್ತು. ಅದರ ಕಾಲು ಹೊರಗೆ ಇಣುಕುತ್ತಿತ್ತು. ನಾನು ಏನೋ ಹೇಳಲು ಬಾಯಿ ತೆರೆದೆ. ಆಗ ಅವರ ಬಲಗೈಯನ್ನು ನೋಡಿದೆ. ಅದು ಅವರ ತೊಡೆಯ ಮೇಲಿತ್ತು. ಹೆಬ್ಬೆರಳು ತೋರುಬೆರಳಿಗೆ ತಾಗುತ್ತ ತಾಗುತ್ತ, ತನ್ನಷ್ಟಕ್ಕೆ, ಕಾಳು ಹೊಸೆಯುವ ಹಾಗೆ ಅಲ್ಲಾಡುತ್ತಿತ್ತು.

ಅವರು ನನ್ನ ಕಣ್ಣನ್ನು ಹಿಂಬಾಲಿಸಿ, ಎಡಗೈಯನ್ನು ತಂದು ಆ ಕೈಯ ಮೇಲಿಟ್ಟರು. ನಾನು ಕಾರ್ಡ್ ನೋಡಿದೆ.

ಆಮೇಲೆ ಒಂದೊಂದೇ ಹೊಳೆಯತೊಡಗಿತು. ಮೊದಲ ದಿನ ಎರಡೂ ಕೈ ಕಟ್ಟಿ ಕೂತದ್ದು ಸಿಟ್ಟಿಗಲ್ಲ. ಬ್ರೇಕ್ ಸರಿಯಿಲ್ಲ ಎಂದು ಸ್ಕೂಟರ್ ಬಿಟ್ಟು ಬಸ್ಸಿಗೆ ಬರತೊಡಗಿದ್ದು ಬ್ರೇಕಿನಿಂದಲ್ಲ. ಪಕ್ಕದ ಹೋಟೆಲಿನ ಕಾಫಿಯನ್ನು ಅರ್ಧ ಲೋಟವೇ ತರಿಸಿ, ಯಾರೂ ಇಲ್ಲದಾಗ ಕುಡಿಯುತ್ತಿದ್ದರು. ಮೂರು ತಾಲ್ಲೂಕಿಗೆ ಕೈಚಳಕ ತೋರಿಸಿ ಜಂಭಪಟ್ಟ ಮನುಷ್ಯನಿಗೆ ಆ ಕೈಯೇ ಹೀಗೆ... ಸ್ಕ್ರೂಡ್ರೈವರ್ ಒಂದು ಕೂದಲೆಳೆ ಜಾರಿದರೂ ಎಳ್ಳಿನ ಕಾಳೊಂದು ಹಾರಿ ಯಾರದೋ ಕಾರ್ಡ್ ಹೋಗಿಬಿಡುತ್ತದೆ. ಕೈ ನಡುಗುತ್ತದೆ ಎಂಬುದು ಒಬ್ಬ ಗಿರಾಕಿಗೆ ಗೊತ್ತಾದರೆ ಸಂಜೆಯೊಳಗೆ ಬಸ್ ಸ್ಟ್ಯಾಂಡಿಗೆಲ್ಲ ಗೊತ್ತಾಗುತ್ತದೆ. ಅಂಗಡಿ ಹೋಗುತ್ತದೆ. ಅಂಗಡಿಗಿಂತ ಹೆಚ್ಚಾಗಿ ಆ ಬೈಯುವ ಹಕ್ಕು ಹೋಗುತ್ತದೆ. ಅದಿಲ್ಲದ ಕೆಳಗಿನಣ್ಣನನ್ನು ನನಗೆ ಊಹಿಸಲೂ ಆಗಲಿಲ್ಲ.

ಅಲ್ಲಿಂದ ನಾನು ದಡ್ಡಿಯಾದೆ. ಕಲಿತವಳನ್ನು ಕರೆದರೆ ಅದು ಸಹಾಯ ಕೇಳಿದ ಹಾಗೆ, ಕಲಿಯದವಳನ್ನು ಕರೆದರೆ ಪಾಠ. ಅವರು ಪಾಠವನ್ನೇ ಮಾಡಲಿ ಎಂದು ನನಗೆ ಅನ್ನಿಸಿತು. "ಎಷ್ಟು ಹಾಕ್ಬೇಕು ಅಣ್ಣ?" ಎಂದು ಪ್ರತಿ ಸಲವೂ ಹೊಸದಾಗಿ ಕೇಳುತ್ತಿದ್ದೆ. ಪಟ್ಟಿಯನ್ನು ತೆಗೆಯಲು ಹೋದವಳ ಹಾಗೆ ಮಾಡುತ್ತಿದ್ದೆ. "ನಿನ್ನ ತಲೇಲಿ ಎಂತ ಇದೆ ಮಾರಾಯ್ತಿ, ಹೋದ ಸಲ ಹೇಳಿಲ್ವಾ!" ಎಂದು ಅವರು ಗುಡುಗುತ್ತಿದ್ದರು. ಗುಡುಗುವಾಗ ದನಿ ಸ್ವಲ್ಪವೂ ನಡುಗುತ್ತಿರಲಿಲ್ಲ. ಗಿರಾಕಿ ಸಂಜೆ ಬಂದು ಕಾರ್ಡ್ ಒಯ್ಯುತ್ತಿದ್ದ. ಕೆಲಸ ಅಂಗಡಿಯಲ್ಲೇ ಆಗಿರುತ್ತಿತ್ತು, ಜವಾಬ್ದಾರಿ ಅವರದೇ ಇರುತ್ತಿತ್ತು, ಯಾರ ಬೆರಳು ಎಂದು ಯಾರೂ ಕೇಳಲಿಲ್ಲ.

ಕೇಳಿದವನು ಒಬ್ಬನೇ. ನರಸಿಂಹರಾಜಪುರದಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟವನು. ಅವನ ಕಾರ್ಡಿಗೆ ಬೇರೆಲ್ಲೋ ಯಾರೋ ಪೇಸ್ಟ್ ಹಚ್ಚಲು ಹೋಗಿ ಸುತ್ತೆಲ್ಲ ಮೆತ್ತಿ ರಾಡಿ ಮಾಡಿದ್ದರಂತೆ. ಹೆದರಿಹೋಗಿದ್ದ. ನಾನು ಯಾವುದಕ್ಕೋ ಕೆಳಗೆ ಇಳಿದಾಗ ಅವನು ಮೇಜಿಗೆ ಒರಗಿ ನಿಂತು ಹೇಳುತ್ತಿದ್ದ: "ನಾನು ಇಲ್ಲೇ ನಿಂತಿರ್ತೀನಿ. ನೀವೇ ಹಚ್ಚಿ ಅಣ್ಣ, ನನ್ನ ಕಣ್ಣೆದುರಿಗೇ. ಬೇರೆಯವರ ಕೈಗೆ ಕೊಡ್ಬೇಡಿ."

ಕೆಳಗಿನಣ್ಣನ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಅದರ ತುದಿ ಸ್ಕ್ರೂವಿನ ತಲೆಯ ಹತ್ತಿರ ಹೋಗಿ ಹಿಂದೆ ಬಂತು. ಮತ್ತೆ ಹೋಯಿತು. ಫ್ಲೆಕ್ಸಿನವನು ಇನ್ನೂ ಕೈಯ ಕಡೆ ನೋಡಿರಲಿಲ್ಲ, ಕಾರ್ಡನ್ನೇ ನೋಡುತ್ತಿದ್ದ. ಕೆಳಗಿನಣ್ಣನ ಮುಖದಲ್ಲಿ ನಾನು ಎಂದೂ ಕಾಣದ ಒಂದು ಬಣ್ಣ. ಅದನ್ನು ಈಗಲೂ ನೆನೆಯಲು ಆಗುವುದಿಲ್ಲ...

"ಅಣ್ಣ, ಇವತ್ತು ನಂಗೆ ಪರೀಕ್ಷೆ ಇಡ್ತೀನಿ ಅಂದಿದ್ರಲ್ಲ" ಎಂದೆ. ಅಂಥ ಮಾತು ಎಂದೂ ಆಗಿರಲಿಲ್ಲ.

ಅವರು ತಲೆ ಎತ್ತಿ ನನ್ನನ್ನು ನೋಡಿದರು. ಫ್ಲೆಕ್ಸಿನವನು, "ಬ್ಯಾಡ ಮಾರಾಯ್ರೆ, ನನ್ನ ಕಾರ್ಡಲ್ಲಿ ಎಂಥ ಪರೀಕ್ಷೆ" ಎಂದು ಗಾಬರಿಯಾದ. ಅಷ್ಟರಲ್ಲಿ ಕೆಳಗಿನಣ್ಣ ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟು ಎದ್ದುನಿಂತಿದ್ದರು. "ನನ್ನ ಅಂಗಡಿಗೆ ಬಂದ ಮೇಲೆ ಪರೀಕ್ಷೆ ಯಾರಿಗೆ ಅನ್ನೋದು ನಾನು ಹೇಳ್ಬೇಕು. ಹಾಳಾದ್ರೆ ಹೊಸ ಕಾರ್ಡ್ ನಂದು. ಬಾಯಿ ಮುಚ್ಚಿ ನೋಡ್ತಾ ಇರಿ" ಎಂದರು. ಹಳೆಯ ದನಿಯೇ.

ನಾನು ಕೂತೆ. ಬಿಚ್ಚಿದೆ, ತಿರುಗಿಸಿದೆ, ಬಿಡಿಸಿದೆ. ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಗ್ಗಿ, ಒಂದೊಂದನ್ನೂ ಹೇಳುತ್ತ ಹೋದರು. ಬೇರೆಯವನು ಮೆತ್ತಿದ್ದ ಪೇಸ್ಟನ್ನು ಕಾಳುಗಳ ನಡುವಿನಿಂದ ಬಿಡಿಸುವುದರಲ್ಲಿ ನನ್ನ ಕುತ್ತಿಗೆ ಬಿದ್ದುಹೋಯಿತು. ಫ್ಲೆಕ್ಸಿನವನ ಉಸಿರಾಟ ನನಗೆ ಕೇಳಿಸುತ್ತಿತ್ತು. ಅವನ ಕಣ್ಣು ಇನ್ನೂ ನನ್ನ ಬೆರಳಿನ ಮೇಲೇ ಇತ್ತು, ಅಣ್ಣನ ಪಾಠದ ಮೇಲೆ ನಂಬಿಕೆ ಬಂದಿರಲಿಲ್ಲ. ಕೊನೆಯ ಸ್ಕ್ರೂ ಹಾಕುವಾಗ ನಾನು ಮೊದಲ ಮೂಲೆಯನ್ನೇ ಮತ್ತೊಂದು ಸುತ್ತು ಬಿಗಿಯಲು ಹೋದೆ.

"ಏಯ್! ಎದುರಿನ ಮೂಲೆ!"

ಬೀದಿಯಲ್ಲಿ ಹೋಗುವವರೂ ತಿರುಗಿ ನೋಡಿದರು. ನಾನು ಬೆಚ್ಚಿದವಳ ಹಾಗೆ ಕೈ ತೆಗೆದೆ. ಫ್ಲೆಕ್ಸಿನವನು ಎದೆ ಮುಟ್ಟಿಕೊಂಡು ನಕ್ಕುಬಿಟ್ಟ. "ಪುಣ್ಯಕ್ಕೆ ನೀವಿದ್ರಿ ಅಣ್ಣ, ಇಲ್ದಿದ್ರೆ ಇವತ್ತು ನನ್ನ ಕಾರ್ಡ್ ಕಥೆ ಆಗ್ತಿತ್ತು" ಎಂದ. ಅವನು ಹೋದ ಮೇಲೆ ಕೆಳಗಿನಣ್ಣ ಪೇಸ್ಟಿನ ಟ್ಯೂಬಿಗೆ ಮುಚ್ಚಳ ಹಾಕಲು ಹೋಗಿ ಆಗದೆ, ನನ್ನ ಕಡೆ ತಳ್ಳಿದರು. ನಾನು ಹಾಕಿಟ್ಟೆ.

ಆಮೇಲೆ ಪಾಠ ಬಹಳ ಕಾಲ ನಡೆಯಲಿಲ್ಲ. ಶಿವಮೊಗ್ಗದ ಡಾಕ್ಟರು ಕೊಟ್ಟ ಮಾತ್ರೆ ಕೈಯನ್ನು ಸ್ವಲ್ಪ ದಿನ ಹಿಡಿದಿಟ್ಟಿತು, ಆಮೇಲೆ ಅದೂ ಸೋತಿತು. ನಡೆಯುವಾಗ ಹೆಜ್ಜೆ ಸಣ್ಣದಾಯಿತು. ಶಟರಿಗೆ ತಲೆ ಹೊಡೆಯುವುದು ತಾನಾಗಿ ನಿಂತಿತು, ಅಷ್ಟು ಬಗ್ಗಿಬಿಟ್ಟಿದ್ದರು. ದಿನಾ ಬರುತ್ತಿದ್ದವರು ವಾರಕ್ಕೆ ಎರಡು ದಿನ ಬಂದರು, ಆಮೇಲೆ ಒಂದು ದಿನ, ಮತ್ತೆ ಬರಲಿಲ್ಲ. ಮನೆಯಲ್ಲಿ ಬಿದ್ದರಂತೆ. ಮಲಗಿದಲ್ಲೇ ಎದೆಗೆ ಕಫ ಕಟ್ಟಿತಂತೆ. ಅದರಲ್ಲೇ ತೀರಿಕೊಂಡರು ಎಂಬ ಸುದ್ದಿ ತಿಳಿದಾಗ ನಾನು ಯಾರದೋ ಮದುವೆಯ ಓಲಗಕ್ಕೆ ಚಿತ್ರ ಹೊಂದಿಸುತ್ತಿದ್ದೆ. ಆ ಓಲಗವನ್ನು ನಿಲ್ಲಿಸುವುದೂ ಹೊಳೆಯದೆ ಹಾಗೇ ಕೂತುಬಿಟ್ಟೆ.

ಕಾರ್ಯದ ದಿನ ಹಿರೇಕೊಡಿಗೆಗೆ ಹೋದೆ. ಊಟವಾದ ಮೇಲೆ ಅವರ ಹೆಂಡತಿ ನನ್ನನ್ನು ಹಿತ್ತಲ ಜಗಲಿಗೆ ಕರೆದುಕೊಂಡು ಹೋಗಿ ಕೂರಿಸಿದರು. ನಾನು ಅವರನ್ನು ಅದಕ್ಕೆ ಮೊದಲು ಕಂಡದ್ದು ಕಡಿಮೆ. ಆದರೂ ಬಹಳ ಕಾಲದಿಂದ ಗೊತ್ತಿರುವವರ ಹಾಗೆ ನನ್ನ ಕೈ ಹಿಡಿದುಕೊಂಡರು, ಹಿಡಿದು ಬೆರಳುಗಳನ್ನೇ ನೋಡಿದರು.

"ಫ್ಲೆಕ್ಸಿನವ್ರು ಬಂದಿದ್ರಂತಲ್ಲ, ಅವತ್ತು ಇವರು ಮನೆಗೆ ಬಂದು ಎಲ್ಲ ಹೇಳಿದ್ರು" ಎಂದರು ಅತ್ತಿಗೆ. "'ಆ ಹುಡುಗಿ ಮೊದಲನೇ ದಿನವೇ ಎಲ್ಲಾ ಕಲ್ತಿದಾಳೆ ಮಾರಾಯ್ತಿ, ಇಷ್ಟು ದಿನವೂ ಬರದವಳ ಹಾಗೆ ಮಾಡ್ತಾ ಇದಾಳೆ, ಇವತ್ತಂತೂ ಬೇಕು ಅಂತ್ಲೇ ತಪ್ಪು ಮಾಡಿದ್ಲು, ನಾನು ಬೈಲಿ ಅಂತ...' ಹಾಗಂತ ನಗಾಡಿದ್ರು. ನಗಾಡ್ತಾ ನಗಾಡ್ತಾ ಅತ್ತುಬಿಟ್ರು. ನೀವು ಮಾಡಿದ್ದು ತನಗೆ ಗೊತ್ತು ಅನ್ನೋದನ್ನ ನಿಮಗೆ ಹೇಳ್ಬೇಡ ಅಂದಿದ್ರು. ಹೇಳಿದ್ರೆ ಪಾಠ ನಿಂತುಹೋಗ್ತದೆ ಅಂದ್ರು."

ನನಗೆ ಆ ಹೊತ್ತಿಗೆ ಅಳುವೂ ಬರಲಿಲ್ಲ. ಅವರಿಗಾಗಿ ನಾನು ದಡ್ಡಿಯಾಗಿದ್ದೇನೆ ಎಂದುಕೊಂಡಿದ್ದೆ. ನನಗಾಗಿ ಅವರೂ ಏನೂ ಗೊತ್ತಿಲ್ಲದವರಂತೆ ಇದ್ದರು. ಮೇಜಿನ ಎರಡೂ ಕಡೆ ಒಂದೇ ಕೆಲಸ ನಡೆದಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಯ ಕಡೆ ಮುಖ ಮಾಡಿ ಅತ್ತೆ, ಪಕ್ಕದಲ್ಲಿ ಕೂತ ಹೆಂಗಸು ತನ್ನ ಸೆರಗನ್ನೇ ಕೊಡಲು ಬಂದಳು.

ಕೆಳಗೆ ಈಗ ಮೊಬೈಲ್ ಕವರುಗಳ ಅಂಗಡಿ. ಶೃಂಗೇರಿಯಾಚೆಯ ನೆಮ್ಮಾರ್ ಕಡೆಯಿಂದಲೂ ಯಾರಾದರೂ ಬಿಸಿಯಾದ ಕಾರ್ಡ್ ಹಿಡಿದು ಬಂದರೆ ಆ ಅಂಗಡಿಯವರು ಬೆರಳು ಮೇಲೆ ತೋರಿಸುತ್ತಾರೆ. ನಾನು ಪ್ಲಗ್ ಕೀಳುತ್ತೇನೆ, ಕಬ್ಬಿಣ ಮುಟ್ಟುತ್ತೇನೆ, ಒರೆಸುತ್ತೇನೆ, ಆರಲು ಬಿಡುತ್ತೇನೆ, ಹಚ್ಚುತ್ತೇನೆ. ಯಾರನ್ನೂ ಏನೂ ಕೇಳುವುದಿಲ್ಲ. ಕಾರ್ಡ್ ತಂದವರು, "ಎಷ್ಟು ಚೆಂದ ಕೈ ಕೂತಿದೆ ಮೇಡಂ ನಿಮಗೆ, ಒಂದು ತಪ್ಪಿಲ್ಲ" ಎಂದು ಹೊಗಳಿ ಹೋಗುತ್ತಾರೆ. ಹೌದು, ಒಂದೂ ತಪ್ಪಾಗುವುದಿಲ್ಲ. ಯಾರಿಗಾಗಿ ತಪ್ಪು ಮಾಡಲಿ ನಾನು ಈಗ...